ನಾನು ಕೊಟ್ಟ ಒಂಬತ್ತನ್ನು ಹೊಡೆದುಹಾಕಿ

ಜವಳಿ ಸುಸ್ಥಿರತಾ ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ರಾಮದುರ್ಗದ ಖೈರುನಬಿ ಎಂಬ ಹೆಣ್ಣುಮಗಳ ನೂಲಿನ ಬಣ್ಣದ ಭಟ್ಟಿಯನ್ನು ಈ ತಿಂಗಳ ಹದಿನೈದರೊಳಗೆ ಮುಚ್ಚತಕ್ಕದ್ದು ಎಂದು ತಾವು ಆದೇಶ ಹೊರಡಿಸಿದ್ದೀರಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ಹನ್ನೊಂದು ಭಟ್ಟಿಗಳನ್ನು ವೈಜ್ಞಾನಿಕ ನಿರ್ಣಯ ಪದ್ಧತಿಯಲ್ಲಿ ತೂಗಿದಾಗ ಆಕೆಯದು ಹನ್ನೊಂದನೆಯ ಸ್ಥಾನಕ್ಕೆ ಬಂತು ಎಂಬುದು ತಾವು ಕೊಟ್ಟ ಕಾರಣ. ಆದೇಶ ತಪ್ಪು. ಇಷ್ಟು ಖಾತ್ರಿಯಿಂದ ಹೇಳಲು ನನಗೆ ಅಧಿಕಾರವಿದೆ, ಏಕೆಂದರೆ ತಮ್ಮ ಆ ಪದ್ಧತಿಯೊಳಗೆ ಕುಳಿತಿದ್ದ ವಿಜ್ಞಾನಿ ನಾನೇ.

ಆದೇಶದ ಕೊನೆಯ ಪುಟದಲ್ಲಿ ‘ವಿಷಯ ತಜ್ಞ ಕ್ರಮಾಂಕ ನಾಲ್ಕು’ ಎಂದು ಮುದ್ರಿಸಿದ್ದೀರಲ್ಲ, ಆ ಮಹಾನುಭಾವ ತಮ್ಮ ಮುಂದೆ ಕೈಮುಗಿದು ನಿಂತಿದ್ದಾನೆ, ನೋಡಿಕೊಳ್ಳಿ. ಹೆಸರು ಮಡಿವಾಳೆಪ್ಪ. ವಯಸ್ಸು ಐವತ್ತನಾಲ್ಕು. ಮನೆಯಲ್ಲಿ ಎರಡು ಮಗ್ಗ. ಓದು ಏಳನೆಯ ಇಯತ್ತೆ. ಆದರೆ ದೊಡವಾಡದಿಂದ ಚಚಡಿಯವರೆಗೆ ಯಾವ ಊರಿನ ನಾಟಕದ ಹಲಗೆಯನ್ನಾದರೂ ಕೇಳಿ, ಈ ಪಾದಗಳ ಭಾರ ಅದಕ್ಕೆ ಗೊತ್ತಿರುತ್ತದೆ. ಮೂವತ್ತು ವರ್ಷ ರಾಜನಾಗಿದ್ದೇನೆ, ಸಾಹುಕಾರನಾಗಿದ್ದೇನೆ, ತಂಗಿಯ ಆಸ್ತಿ ನುಂಗಿದ ಅಣ್ಣನಾಗಿದ್ದೇನೆ. ತಜ್ಞನಾಗಿದ್ದು ಇದೇ ಮೊದಲು. ಆ ಪಾತ್ರ ಸಿಕ್ಕಿದ್ದಾದರೂ ಹೇಗೆ? ತಮ್ಮ ತಂಡ ನಮ್ಮ ರಾಮದುರ್ಗದ ನೇಕಾರರ ಸಂಘದ ಸಭಾಭವನಕ್ಕೆ ಬಂದ ದಿನ ಕರೆಂಟು ಹೋಗಿತ್ತು. ಮೈಕು ಸತ್ತಿತ್ತು. ಹಿಂದಿನ ಸಾಲಿನವರಿಗೆ ಕೇಳುವಂತೆ ಪ್ರಶ್ನೆಗಳನ್ನು ಓದುವ ಗಂಟಲು ಆ ಭವನದಲ್ಲಿ ಒಂದೇ ಇತ್ತು. ಓದುವವನೇ ಉತ್ತರವನ್ನೂ ಹೇಳಿಬಿಟ್ಟರೆ ಸಮಯ ಉಳಿಯುತ್ತದೆ ಎಂದು ಯಾರಿಗೋ ಅನ್ನಿಸಿತು. ಸುಸ್ಥಿರತೆಯ ತಜ್ಞ ಹುಟ್ಟಿದ್ದು ಹೀಗೆ.

ತಮ್ಮ ಕಡೆಯಿಂದ ಲ್ಯಾಪ್‌ಟಾಪು ಹಿಡಿದು ಬಂದಿದ್ದ ಶೀತಲ ಎಂಬ ಹುಡುಗಿ ಪದ್ಧತಿಯನ್ನು ಚೆಂದಾಗಿ ತಿಳಿಸಿ ಹೇಳಿದಳು. ಮೂರು ಅಂಶಗಳಿವೆ: ನೀರು, ಕೆಲಸ, ಹೊಗೆ. ಅಂದರೆ ಭಟ್ಟಿ ಎಷ್ಟು ನೀರನ್ನು ಹೊರಗೆ ಚೆಲ್ಲುತ್ತದೆ, ಎಷ್ಟು ಜನರಿಗೆ ಕೆಲಸ ಕೊಡುತ್ತದೆ, ಎಷ್ಟು ಕಟ್ಟಿಗೆ ಸುಡುತ್ತದೆ. ಮೂರನ್ನೂ ಒಟ್ಟಿಗೆ ತೂಗಲು ಮನುಷ್ಯನ ತಲೆಗೆ ಆಗುವುದಿಲ್ಲವಾದ್ದರಿಂದ ಎರಡೆರಡನ್ನೇ ಎದುರುಬದುರು ನಿಲ್ಲಿಸಬೇಕು. ಯಾವುದು ಹೆಚ್ಚು, ಎಷ್ಟು ಪಟ್ಟು ಹೆಚ್ಚು? ಎರಡೂ ಸಮವೆಂದರೆ ಒಂದು, ಅತಿ ಹೆಚ್ಚೆಂದರೆ ಒಂಬತ್ತು. ಈ ಜೋಡಿಗಳಿಂದ ಮೂರಕ್ಕೂ ತೂಕ ಹುಟ್ಟುತ್ತದೆ, ಆ ತೂಕದಲ್ಲಿ ಹನ್ನೊಂದು ಭಟ್ಟಿಗಳನ್ನು ಅಳೆಯಲಾಗುತ್ತದೆ. ಮೊದಲ ಮೂವರಿಗೆ ನೀರು ಸೋಸುವ ಯಂತ್ರ, ಕಟ್ಟಕಡೆಯವರಿಗೆ ಬೀಗ.

ಖೈರುನಬಿ ಅಕ್ಕ ಎರಡನೆಯ ಸಾಲಿನಲ್ಲಿ ಕುಳಿತಿದ್ದಳು. ನೀರೋ ಕೆಲಸವೋ ಎಂದು ಮೊದಲನೆಯ ಪ್ರಶ್ನೆ ಬಂದಾಗ ಆಕೆ ಕೈ ಎತ್ತಿ, “ಸಮ ಅಂತ ಬರಕೋವಾ ತಂಗಿ. ನೀರಿಲ್ದ ಕೆಲಸ ಎಲ್ಲೈತಿ, ಕೆಲಸಿಲ್ದಾಂವ ನೀರ ತಗೊಂಡು ಏನ್ ಮಾಡ್ತಾನ?” ಎಂದಳು.

ಇಡೀ ಭವನದಲ್ಲಿ ಅವತ್ತು ಆಡಿದ ಏಕೈಕ ತಜ್ಞರ ಮಾತು ಅದು. ನಾನು ಅದನ್ನು ತಡೆದೆ.

“ಅಕ್ಕಾ, ಸಮ ಅಂದ್ರ ಅದೊಂದು ಉತ್ತರ ಆತೇನು? ಇಬ್ಬರೂ ಗೆದ್ರ ಮಂದಿ ಚಪ್ಪಾಳಿ ಯಾರಿಗಂತ ಹೊಡೀಬೇಕು?” ಎಂದು ಹೇಳಿ ಎದ್ದು ನಿಂತೆ. ಎದ್ದು ನಿಂತ ಮೇಲೆ ನನಗೆ ನಾನು ಸಿಗುವುದಿಲ್ಲ, ಇದು ಊರಿಗೆಲ್ಲ ಗೊತ್ತು. ಮಲಪ್ರಭೆ ಬತ್ತಿದ ಬೇಸಿಗೆಯೊಂದನ್ನು ಹಿಡಿದು ನೀರಿನ ಪರವಾಗಿ ಎರಡು ನಿಮಿಷ ಮಾತಾಡಿದೆ. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಒಂಬತ್ತು! ಎರಡನೆಯದು ಕೆಲಸ ಮತ್ತು ಹೊಗೆ. ಮಗ್ಗ ನಿಂತ ಮನೆಯ ಮೌನವನ್ನು ವರ್ಣಿಸಿದೆ, ಕೆಲಸಕ್ಕೆ ಒಂಬತ್ತು. ಮೂರನೆಯದು ಹೊಗೆ ಮತ್ತು ನೀರು. ಒದ್ದೆ ಕಟ್ಟಿಗೆ ಊದಿ ಊದಿ ಕಣ್ಣು ಮಂಜಾದ ನನ್ನ ಅವ್ವನನ್ನು ರಂಗಕ್ಕೆ ತಂದೆ. ಅವ್ವ ಬಂದ ಮೇಲೆ ನೀರಿನ ಗತಿಯೇನು? ಹೊಗೆಗೆ ಒಂಬತ್ತು.

“ಕಾಕಾ, ಒಂಬತ್ತು ಖರೇನಾ?” ಎಂದು ಶೀತಲ ಕೇಳಿದಳು.

“ಹತ್ತು ಇದ್ರ ಹತ್ತ ಬರೀವಾ” ಎಂದೆ.

ಮೂರು ಅಂಕ ಆಡಿದೆ, ಮೂರರಲ್ಲೂ ಬೇರೆ ಬೇರೆ ನಾಯಕರನ್ನು ಗೆಲ್ಲಿಸಿದೆ, ಮೂರಕ್ಕೂ ಚಪ್ಪಾಳೆ ಬಿತ್ತು. ಮನೆಗೆ ಬಂದು ಹೆಂಡತಿ ರಾಚವ್ವನ ಮುಂದೆ ಹೇಳಿಕೊಂಡೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಅಲ್ಲಿ ನೂಲಿಗೆ ಬಣ್ಣಾ ಹಾಕೋರು ಯಾರರ ಮಾತಾಡಿದ್ರೇನು?” ಎಂದು ಕೇಳಿದಳು. ಇದು ಅಪ್ರಸ್ತುತ ಪ್ರಶ್ನೆ ಎಂದು ನಾನು ಆಗ ತೀರ್ಮಾನಿಸಿದೆ.

ಅಧ್ಯಕ್ಷರೇ, ನನ್ನ ಅಪರಾಧಗಳ ಪಟ್ಟಿ ಇನ್ನೂ ಮುಗಿದಿಲ್ಲ. ಅದೇ ವಾರ ಶನಿವಾರ ಅಳತೆ ಪಟ್ಟಿ ಹಿಡಿದು ಸಂಜು ಎಂಬ ತಮ್ಮ ತಾಂತ್ರಿಕ ಸಹಾಯಕರು ಖೈರುನಬಿಯ ಭಟ್ಟಿಗೆ ಬಂದರು. ದಾರಿ ತೋರಿಸಲು ತಜ್ಞನಲ್ಲದೆ ಮತ್ತಾರು ಹೋಗಬೇಕು? ನಾವು ಹೋದಾಗ ಆಕೆ ಒಳಗೆ ಒಲೆಯ ಮುಂದೆ ಮೊಳಕೈವರೆಗೆ ಕರಿ ಬಣ್ಣದಲ್ಲಿದ್ದಳು, ಆಕೆಯ ಮೈದುನ ಮೌಲಾಸಾಬ ಚಹಾ ತರಲು ಓಡಿದ್ದ. ಹಿತ್ತಲಲ್ಲಿ ನೀರು ತುಂಬಿಡುವ ದೊಡ್ಡ ಟಾಕಿಯ ಬಾಯಿ ತೆಗೆದಿತ್ತು, ನೂಲು ಜಾಲಿಸಿದ ಕಪ್ಪು ನೀರೆಲ್ಲ ಗಟಾರಿಗೆ ಹರಿಯುತ್ತಿತ್ತು. ಸಂಜು ಟಾಕಿಯ ಉದ್ದಗಲ ಅಳೆದು, “ದಿನಾ ಹಿಂಗ ಖಾಲಿ ಮಾಡ್ತೀರೇನ್ರಿ?” ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷದಿಂದ ನನ್ನ ಮಗ್ಗದ ನೂಲಿಗೆ ಬಣ್ಣ ಬೀಳುವುದು ಅದೇ ಭಟ್ಟಿಯಲ್ಲಿ, ಆದರೂ ನಾನು ಹೊಸ್ತಿಲು ದಾಟಿದವನಲ್ಲ. ಗೊತ್ತಿಲ್ಲ ಎಂದು ಹೇಳಬಹುದಿತ್ತು. ಆದರೆ ನಮ್ಮ ಕಡೆ ಒಂದು ರೂಢಿಯಿದೆ, ತಾವು ಬಲ್ಲಿರಿ. ಪರಸ್ಥಳದವರು ಬಂದು ನಮ್ಮ ದುಡಿಮೆ ಎಷ್ಟೆಂದು ಕೇಳಿದರೆ ಕಡಿಮೆ ಹೇಳಬಾರದು. ಎಂಟು ಚೀಲ ಬೆಳೆದವನು ಹದಿನೈದು ಅನ್ನುತ್ತಾನೆ, ನಾಲ್ಕು ಸೀರೆ ನೇಯ್ದವನು ಏಳು ಅನ್ನುತ್ತಾನೆ, ಐವತ್ತು ಮಂದಿ ನೋಡಿದ ನಾಟಕಕ್ಕೆ ನಾನು ಸಾವಿರ ಅನ್ನುತ್ತೇನೆ. ಬಂದವರೆದುರು ಊರಿನ ಮಾನ ಇಳಿಯಬಾರದು, ಅಷ್ಟೇ. ಕೇಳಿದವರೂ ಅದನ್ನು ಅರ್ಧಕ್ಕಿಳಿಸಿ ನಂಬುತ್ತಾರೆ. ಇಳಿಸದೆ ಬರೆದುಕೊಂಡ ಮೊದಲ ಮನುಷ್ಯ ಸಂಜು.

“ದಿನಾ!” ಎಂದೆ. “ನಮ್ಮ ರಾಮದುರ್ಗದ ಭಟ್ಟಿ ಅಂದ್ರ ಏನ್ ತಿಳದೀರಿ ಸಾಹೇಬ್ರ? ಇದು ಕಣ್ಣ ಮುಚ್ಚೂದಿಲ್ಲ.”

ಅವರು ‘ವಾರಕ್ಕೆ ಆರು ಸಲ’ ಎಂದು ಬರೆದುಕೊಂಡು, ಚಹಾ ಕುಡಿದು, ಕಿತ್ತೂರಿನ ಕಡೆ ಹೊರಟುಹೋದರು.

ಮುಂದಿನ ಗುರುವಾರ ನಾನು ದೊಡವಾಡದಲ್ಲಿ ನಾಟಕದ ತಾಲೀಮು ಮುಗಿಸಿ ಸವದತ್ತಿ ಬಸ್ ನಿಲ್ದಾಣದಲ್ಲಿ ಗಿರ್ಮಿಟ್ಟು ತಿನ್ನುತ್ತ ನಿಂತಿದ್ದೆ. ಶೀತಲಳ ಫೋನು ಬಂತು.

“ಕಾಕಾ, ನಿಮ್ಮ ಉತ್ತರ ಒಂದಕ್ಕೊಂದು ಹೊಂದವಲ್ವು. ನೀರು ಕೆಲಸಕ್ಕಿಂತ ದೊಡ್ಡದಂದ್ರಿ, ಕೆಲಸ ಹೊಗಿಗಿಂತ ದೊಡ್ಡದಂದ್ರಿ, ತಿರುಗಿ ಹೊಗಿ ನೀರಿಗಿಂತ ದೊಡ್ಡದಂದ್ರಿ. ಸುತ್ತ ಹೊಡ್ಯಾಕತ್ತೈತಿ. ಕಂಪ್ಯೂಟರ್ ತಗೋಳವಲ್ದು.”

“ಅದಕ್ಕ ಏನ್ ಬೇಕಂತ?”

“ನಾ ಹಿಂಗ ಹೇಳ್ರಿ ಅನ್ನೂಹಂಗಿಲ್ಲ. ತಪ್ಪಿನ ಪ್ರಮಾಣ ಹತ್ತರಾಗ ಒಂದಕ್ಕಿಂತ ಕಡಿಮಿ ಬರಬೇಕು. ನೀವು ಮತ್ತೊಮ್ಮೆ ವಿಚಾರ ಮಾಡಿ ಹೇಳ್ರಿ.”

ರಾಮದುರ್ಗದ ಬಸ್ಸಿನ ಕಂಡಕ್ಟರು ಸೀಟಿ ಊದುತ್ತಿದ್ದ. ವಿಚಾರ ಮಾಡಲು ಸಿಕ್ಕ ಅವಧಿ ಇಷ್ಟು: ಒಂದು ತುತ್ತು ಗಿರ್ಮಿಟ್ಟು ನುಂಗುವಷ್ಟು. “ಏನ್ ಬರದ್ರ ಹೊಂದತೈತಿ, ಅದನ್ನರ ಹೇಳು” ಎಂದೆ. ಹುಡುಗಿ ತಡವರಿಸಿದಳು. “ನೀರು ಕೆಲಸಕ್ಕಿಂತ ಮೂರು, ಕೆಲಸ ಹೊಗಿಗಿಂತ ಮೂರು, ನೀರು ಹೊಗಿಗಿಂತ ಒಂಬತ್ತು ಅಂದ್ರ ಎಲ್ಲಾ ಕರೆಕ್ಟ್ ಕುಂದ್ರತೈತ್ರಿ. ಆದ್ರ ಅದು ನಿಮ್ಮ ಅಭಿಪ್ರಾಯ ಆಗಿರಬೇಕು.”

“ಆತು, ಅದ ನನ್ನ ಅಭಿಪ್ರಾಯ” ಎಂದು ಬಸ್ಸು ಹತ್ತಿದೆ.

ನನ್ನ ಅವ್ವನ ಕಣ್ಣಿಗೆ ಒಂಬತ್ತು ಪಟ್ಟು ಕೊಟ್ಟವನು ಅದನ್ನು ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಸಿದ್ದು ಹೀಗೆ. ಉಳಿದ ಮೂರು ತಾಲೂಕುಗಳ ಮೂವರು ತಜ್ಞರಲ್ಲಿ ಇಬ್ಬರು ನಮೂನೆ ಮರಳಿಸಲೇ ಇಲ್ಲ. ಮೂರನೆಯವರಾದ ಕಿತ್ತೂರಿನ ತಜ್ಞರು ನನಗೆ ಫೋನು ಮಾಡಿ, “ಮಡಿವಾಳೆಪ್ಪನೋರ, ನೀವೇನ್ ಬರದೀರಿ? ನಾನೂ ಅದನ್ನ ಬರೀತೇನಿ, ಊರೂರಿಗೆ ಭೇದ ಬ್ಯಾಡ” ಎಂದು ಸೌಹಾರ್ದ ಮೆರೆದರು. ಹೀಗಾಗಿ ಆ ಬಸ್ ನಿಲ್ದಾಣದ ಅಭಿಪ್ರಾಯವೇ ನಾಲ್ಕು ತಾಲೂಕಿನ ಅಭಿಪ್ರಾಯವಾಯಿತು. ತಮ್ಮ ವರದಿಯಲ್ಲಿ ‘ತಜ್ಞರ ಉತ್ತರಗಳಲ್ಲಿ ಪರಿಪೂರ್ಣ ಸುಸಂಗತತೆ ಕಂಡುಬಂದಿದೆ’ ಎಂದಿದೆ. ಕಾಣದೆ ಎಲ್ಲಿಗೆ ಹೋದೀತು? ಒಬ್ಬ ಬರೆದದ್ದು, ಇನ್ನೊಬ್ಬ ನಕಲು ಮಾಡಿದ್ದು.

ಆದೇಶ ಬಂದ ದಿನ ಮೌಲಾಸಾಬ ಅದನ್ನು ಹಿಡಿದು ನನ್ನ ಮನೆಗೇ ಬಂದ. ಕಚೇರಿಯ ಕನ್ನಡ ಅವರಿಗೆ ತಿಳಿಯಲಿಲ್ಲ, ದೊಡ್ಡ ದೊಡ್ಡ ಮಾತು ಓದಬಲ್ಲವನು ನಾನು ತಾನೆ. ಅವನ ಜೊತೆ ಹೋದೆ, ಭಟ್ಟಿಯ ಅಂಗಳದಲ್ಲಿ ಹತ್ತು ಹನ್ನೆರಡು ನೇಕಾರರು ಸೇರಿದ್ದರು. ‘ಮೇಲ್ಕಾಣಿಸಿದ ಘಟಕವನ್ನು’ ಎಂಬಲ್ಲಿ ದನಿ ಏರಿಸಿದೆ, ‘ಸ್ಥಗಿತಗೊಳಿಸತಕ್ಕದ್ದು’ ಎಂಬಲ್ಲಿ ಅರೆಕ್ಷಣ ನಿಲ್ಲಿಸಿ ಇಳಿಸಿದೆ. ಓದಿ ಮುಗಿದಾಗ, ಹೇಳಲು ನಾಚಿಕೆಯಾಗುತ್ತದೆ ಅಧ್ಯಕ್ಷರೇ, ನಾನು ಚಪ್ಪಾಳೆಗೆ ಕಾದೆ.

ಖೈರುನಬಿ ಅಕ್ಕ ಹೇಳಿದಳು, “ಚಲೋ ಓದಿದಿ. ಈಗ ಅರ್ಥಾ ಹೇಳು.”

ಅರ್ಥ ಹೇಳಲು ಕೊನೆಯ ಪುಟದ ಕೋಷ್ಟಕಕ್ಕೆ ಬಂದೆ. ಟಾಕಿ ಖಾಲಿ ಮಾಡುವುದು ವಾರಕ್ಕೆ ಆರು ಸಲ. ನೀರಿನ ತೂಕ ನೂರಕ್ಕೆ ಅರವತ್ತೊಂಬತ್ತು, ಕೆಲಸದ್ದು ಇಪ್ಪತ್ಮೂರು, ಹೊಗೆಯದು ಎಂಟು. ಆಧಾರ: ಸ್ಥಳೀಯ ತಜ್ಞರು. ಜೀವನದಲ್ಲಿ ಮೊದಲ ಬಾರಿಗೆ ಮೆಲುದನಿಯಲ್ಲಿ ಓದಿದೆ, ಖೈರುನಬಿಗೆ ಮಾತ್ರ ಕೇಳಿಸಿತು.

“ಆರು ಸಲಾನಾ? ಟಾಕಿ ಬಿಚ್ಚೂದು ಶನಿವಾರಕ್ಕೊಮ್ಮೆ. ಆರು ಅಂತ ಯಾಂವ ಹೇಳಿದ?”

“ನಾನ” ಎಂದೆ.

ಆಕೆ ಬೈಯಲಿಲ್ಲ. ಬೈದಿದ್ದರೆ ನನಗೆ ಅಭ್ಯಾಸವಿತ್ತು. “ನಾ ಅಲ್ಲೇ ಒಳಗ ಇದ್ನೆಲ್ಲೋ ಮಡಿವಾಳೆಪ್ಪಾ, ಹತ್ತ ಮಾರಿನಾಗ. ಒಂದ ಸಲ ಒದರಿ ಕೇಳಿದ್ರ ಆಗ್ತಿತ್ತು. ಅಷ್ಟ ದೊಡ್ಡ ದನಿ ಕೊಟ್ಟಾನ ದೇವರು ನಿನಗ.” ಆಮೇಲೆ ಎದ್ದು, “ಸೋಮವಾರ ಬಾ. ಶನಿವಾರ ತನಕ ಕುಂದ್ರು. ಬಾಯಿ ತೆರೀಬ್ಯಾಡ” ಎಂದಳು.

ಹೋದೆ. ಆರು ದಿನ ಕುಳಿತೆ. ನಾನು ಕಂಡದ್ದನ್ನು ತಮ್ಮ ಪದ್ಧತಿಯ ಯಾವ ಕೋಷ್ಟಕವೂ ಕಾಣಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತೇನೆ. ಸೋಮವಾರ ಆಕೆ ತೆಳು ಹಳದಿ ಹಾಕುತ್ತಾಳೆ. ಆ ನೂಲನ್ನು ಕೊನೆಗೆ ಜಾಲಿಸಿದ ನೀರು ಟಾಕಿಯಲ್ಲೇ ಉಳಿಯುತ್ತದೆ. ಮಂಗಳವಾರದ ಕೇಸರಿ ನೂಲಿಗೆ ಮೊದಲ ಜಾಲಾಟ ಅದೇ ನೀರಿನಲ್ಲಿ, ಏಕೆಂದರೆ ಕೇಸರಿಯ ಮೇಲೆ ಹಳದಿಯ ಅಂಶ ಬಿದ್ದರೆ ಕಾಣುವುದಿಲ್ಲ. ಬುಧವಾರ ಕೆಂಪು. ಗುರುವಾರ ದಾಳಿಂಬರಿ. ಶುಕ್ರವಾರ ನಮಾಜಿನ ಹೊತ್ತಿನವರೆಗೆ ಮಾತ್ರ ಭಟ್ಟಿ, ಅವತ್ತು ನೇರಳೆ. ಶನಿವಾರ ಕಪ್ಪು, ವಾರದ ಕೊಳೆಯನ್ನೆಲ್ಲ ನುಂಗುವ ಬಣ್ಣ. ಪ್ರತಿ ದಿನ ಕೆಲವು ಕೊಡ ಹೊಸ ನೀರು ಸೇರುತ್ತದೆ, ಅಷ್ಟೇ. ಒಂದು ಟಾಕಿ ನೀರು ಹಳದಿಯಿಂದ ಕಪ್ಪಿನವರೆಗೆ ಆರು ದಿನ ದುಡಿದು ಶನಿವಾರ ಹೊರಗೆ ಬೀಳುತ್ತದೆ. ಹಸಿರು, ನೀಲಿ ಬೇಕಾದವರು ಅದರ ಮುಂದಿನ ವಾರ ಬರಬೇಕು. ಬಣ್ಣದ ಈ ಸರದಿಯನ್ನು ಆಕೆ ಯಾವ ಗಿರಾಕಿಗೂ ಮುರಿಯುವುದಿಲ್ಲ. ಬುಧವಾರ ಹೋಗಿ ಹಳದಿ ಕೇಳಿದರೆ ಕೊಡುವುದಿಲ್ಲವೆಂದು ‘ಸೊಕ್ಕಿನಾಕಿ’ ಎಂದು ಮೂವತ್ತು ವರ್ಷ ಬೈದ ನೇಕಾರ ಯಾರೆಂದು ಬೇರೆ ಹೇಳಬೇಕೇ?

ಶನಿವಾರ ಆಕೆ ನನ್ನ ಕೈಯಿಂದಲೂ ಕರಿ ನೂಲಿನ ಲಡಿಗಳನ್ನು ಎತ್ತಿಸಿದಳು. ಮನೆಗೆ ಹೋದರೆ ರಾಚವ್ವ ನನ್ನ ಕೈ ನೋಡಿ, “ಇಷ್ಟ ವರ್ಷ ಮಾರಿಗೆ ಹಚ್ಚಿಕೊಂಡ ಬಣ್ಣ ಕೊಬ್ಬರಿಎಣ್ಣಿಗೆ ಹೋಗ್ತಿತ್ತು. ಇದು ಹೋಗೂದಿಲ್ಲ, ಕುಂದ್ರಿ ಹಂಗ” ಎಂದು ಎರಡು ದಿನ ನನಗೆ ಚಮಚದಿಂದ ಉಣ್ಣಲು ಹೇಳಿದಳು.

ಆಕೆಯ ಭಟ್ಟಿಯಿಂದ ಗಟಾರಿಗೆ ಗಂಗೆ ಹರಿಯುತ್ತದೆ ಎಂದು ನಾನು ವಾದಿಸುತ್ತಿಲ್ಲ. ಶನಿವಾರದ ನೀರು ಕರಿ ನೀರೇ. ಅದಕ್ಕಾಗಿಯೇ ಆಕೆ ಸೋಸುವ ಯಂತ್ರದ ಆಸೆಯಿಂದ ಸಭೆಗೆ ಬಂದದ್ದು. ವಾರಕ್ಕೊಂದೇ ಟಾಕಿ ಇರುವುದರಿಂದ ಸಣ್ಣ ಯಂತ್ರ ಸಾಕಾದೀತೇ ಎಂದು ಕೇಳಬೇಕೆಂದಿದ್ದಳು. ಆಕೆ ಬಾಯಿ ತೆರೆಯುವಷ್ಟರಲ್ಲಿ ನನ್ನ ಪ್ರವೇಶವಾಗಿತ್ತು.

ನಾನು ಲೆಕ್ಕವನ್ನು ದೂರುವವನೂ ಅಲ್ಲ. ಆ ಆರು ದಿನದಲ್ಲಿ ತಮ್ಮ ವರದಿಯನ್ನು ನಾಲ್ಕು ಸಲ ಓದಿದೆ. ಎದುರುಬದುರು ನಿಲ್ಲಿಸಿ ತೂಗುವ ವಿದ್ಯೆ ಒಳ್ಳೆಯದೇ, ನಾಟಕದವನಿಗೆ ಅದು ಬೇಗ ತಿಳಿಯುತ್ತದೆ. ಆದರೆ ಆ ವಿದ್ಯೆ ಉತ್ತರಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದಷ್ಟೇ ಪರೀಕ್ಷಿಸಿತು. ಉತ್ತರ ಕೊಟ್ಟವನಿಗೆ ವಿಷಯ ಗೊತ್ತೇ ಎಂದು ಕೇಳಲಿಲ್ಲ. ನಾನು ಮನಸಾರೆ ಗೊಂದಲದಲ್ಲಿದ್ದಾಗ ತಮ್ಮ ಕಂಪ್ಯೂಟರು ನನ್ನನ್ನು ತಿರಸ್ಕರಿಸಿತು, ಬಾಯಿಗೆ ಬಂದದ್ದು ಹೇಳಿದಾಗ ಸ್ವೀಕರಿಸಿತು. ನೀರಿನ ಅಳತೆ ವಾರದ ಯಾವ ದಿನದ್ದು ಎಂದು ಅದು ವಿಚಾರಿಸಿತೇ? ಇನ್ನು ಮೊದಲ ಸ್ಥಾನಕ್ಕೆ ಬಂದ ಭಟ್ಟಿಯನ್ನು ನೋಡಿ ಬಂದೆ. ಎರಡು ತಿಂಗಳಿಂದ ಬೀಗ ಹಾಕಿದೆ. ಟಾಕಿ ಒಣಗಿದೆ, ಒಲೆ ತಣ್ಣಗಿದೆ. ನೀರು ಚೆಲ್ಲುವುದಿಲ್ಲ, ಹೊಗೆ ಬಿಡುವುದಿಲ್ಲ, ಒಬ್ಬನಿಗೂ ಕೆಲಸ ಕೊಡುವುದಿಲ್ಲ, ನೂರಕ್ಕೆ ಎಪ್ಪತ್ತೇಳು ಅಂಕ! ತಮ್ಮ ತಕ್ಕಡಿಯಲ್ಲಿ ಗೆಲ್ಲಲು ಸುಲಭದ ಉಪಾಯ ಸತ್ತುಹೋಗುವುದೇ ಎಂದಾದರೆ, ಅಧ್ಯಕ್ಷರೇ, ಅದು ಸುಸ್ಥಿರತೆಯೇ? ಆ ಒಣ ಟಾಕಿಗೆ ತಾವು ಸೋಸುವ ಯಂತ್ರ ಮಂಜೂರು ಮಾಡಿದ್ದೀರಿ. ಅದು ಏನನ್ನು ಸೋಸಬೇಕು, ಗಾಳಿಯನ್ನೇ?

ಖೈರುನಬಿಯ ಭಟ್ಟಿ ಮುಚ್ಚಿದರೆ ಆಕೆಯನ್ನೇ ನಂಬಿದ ಇಪ್ಪತ್ತೆರಡು ಮಗ್ಗಗಳ ನೂಲು ಟೆಂಪೋದಲ್ಲಿ ಗಡಿ ದಾಟಿ ಮಹಾರಾಷ್ಟ್ರದ ದೊಡ್ಡ ಭಟ್ಟಿಗಳಿಗೆ ಹೋಗಬೇಕು. ಅಲ್ಲಿ ಬಣ್ಣಕ್ಕೆ ನೀರು ಬೇಡವೇ? ಹೋಗಿಬರುವ ಟೆಂಪೋ ಹೊಗೆ ಬಿಡುವುದಿಲ್ಲವೇ? ಅದಕ್ಕೆ ತಮ್ಮ ಕೋಷ್ಟಕದಲ್ಲಿ ಕಾಲಮ್ಮೇ ಇಲ್ಲ. ನೀರು ಉಳಿಯಲಿಲ್ಲ, ತಮ್ಮ ವ್ಯಾಪ್ತಿಯಿಂದಾಚೆಗೆ ಚೆಲ್ಲಿತು. ಲೆಕ್ಕ ಮಾತ್ರ ಸ್ವಚ್ಛವಾಯಿತು.

ಆದ್ದರಿಂದ ಕೇಳಿಕೊಳ್ಳುವುದು ಇಷ್ಟು. ತಜ್ಞ ಕ್ರಮಾಂಕ ನಾಲ್ಕರ ಉತ್ತರಗಳನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಕಿತ್ತೂರಿನವರದನ್ನೂ. ನಾನು ಸುಳ್ಳು ಹೇಳಿದೆನೆಂದು ಎಲ್ಲಿ ಬೇಕಾದರೂ ಸಹಿ ಮಾಡುತ್ತೇನೆ, ನೋಟೀಸು ಕೊಡುವುದಾದರೆ ನನಗೆ ಕೊಡಿ. ತಮ್ಮ ಅಳತೆಯವರನ್ನು ಸೋಮವಾರ ಕಳಿಸಿ, ಶನಿವಾರ ಕರೆಸಿಕೊಳ್ಳಿ. ಹನ್ನೊಂದು ಭಟ್ಟಿಗಳಲ್ಲಿ ಬಣ್ಣ ಹಾಕುವವರನ್ನೇ ಕೂರಿಸಿ ಪ್ರಶ್ನೆ ಕೇಳಿ. ಅವರು ಸಮ ಎಂದರೆ ಸಮ ಎಂದೇ ಬರೆದುಕೊಳ್ಳಿ, ಚಪ್ಪಾಳೆ ಬೀಳದಿದ್ದರೂ ಚಿಂತೆಯಿಲ್ಲ. ಅಲ್ಲಿಯವರೆಗೆ ಮುಚ್ಚುವ ಆದೇಶವನ್ನು ತಡೆಹಿಡಿಯಿರಿ. ಇದನ್ನು ಪತ್ರಿಕೆಗೆ ಕೊಟ್ಟದ್ದು ತಮ್ಮನ್ನು ಅವಮಾನಿಸಲಲ್ಲ. ನಾನು ತಪ್ಪು ಮಾಡಿದ್ದು ತುಂಬಿದ ಸಭೆಯಲ್ಲಿ, ಒಪ್ಪಿಕೊಳ್ಳುವುದು ಲಕೋಟೆಯೊಳಗೆ ಆಗಬಾರದು.

ನಿನ್ನೆ ಸುರೇಬಾನದಿಂದ ಶೆಟ್ಟೆವ್ವ ಎಂಬ ನೇಕಾರಳು ಭಟ್ಟಿಗೆ ಬಂದಿದ್ದಳು. ಮಗಳ ಮದುವೆಗೆ ತನ್ನ ಮಗ್ಗದಲ್ಲೇ ಹಳದಿ ಸೀರೆ ನೇಯಬೇಕೆಂದಿದ್ದಾಳೆ. ಮುಚ್ಚುವ ಸುದ್ದಿ ಕೇಳಿ ಅರ್ಧ ಅಳುಮುಖದಲ್ಲಿ, “ಹದಿನಾರನೇ ತಾರೀಖ ಸೋಮವಾರ ನೂಲ ತರ್ಲೇನಕ್ಕಾ?” ಎಂದು ಕೇಳಿದಳು.

ಖೈರುನಬಿ ಒಲೆಗೆ ಕಟ್ಟಿಗೆ ಹಾಕುತ್ತಿದ್ದಳು. “ತಾ” ಎಂದಳು. “ಹಳದಿ ಅಂದ್ರ ಸೋಮವಾರನ ತರಬೇಕು ನೋಡು. ಮಂಗಳವಾರ ತಂದ್ರ ತಗೋಳೂದಿಲ್ಲ.”

ಶೆಟ್ಟೆವ್ವ ಕಣ್ಣೊರೆಸಿಕೊಂಡು ಹೋದಳು. ತಮ್ಮ ಬೀಗ ಬೀಳಬೇಕಾದದ್ದು ಹದಿನೈದಕ್ಕೆ, ಆ ಹೆಂಗಸು ನೂಲು ಹೊತ್ತು ಬರುವುದು ಹದಿನಾರಕ್ಕೆ. ಬಾಗಿಲು ತೆರೆದಿರಬೇಕೋ ಬೇಡವೋ, ಅದನ್ನು ತೂಗಿ ನೋಡಲು ತಮಗೆ ಹನ್ನೊಂದು ದಿನ ಉಳಿದಿವೆ.

ಇಂತಿ,
ಕೇಳದಿದ್ದ ಪ್ರಶ್ನೆಗೂ ಉತ್ತರ ಕೊಟ್ಟು ಕೆಟ್ಟ,
ಕೈಯ ಕಪ್ಪು ಇನ್ನೂ ಬಿಡದ
ಮಡಿವಾಳೆಪ್ಪ
ರಾಮದುರ್ಗ